ಗ್ಲೌಸ್ ಹಾಕಿದ ಕೈ

ಆ ಬೆಳಿಗ್ಗೆ ಗುಬ್ಬಿ ಎರಡು ಸಲ ವಾಂತಿ ಮಾಡಿಕೊಂಡಳು. ಎರಡು ಸಲವೂ ಏನೂ ಹೊರಬರಲಿಲ್ಲ. ಹಿಂದಿನ ಮಧ್ಯಾಹ್ನದಿಂದ ಹೊಟ್ಟೆಗೆ ಏನಾದರೂ ಬಿದ್ದಿದ್ದರೆ ತಾನೇ ಬರುವುದು.

ಮೈಮೇಲೆ ಎರಡು ಅಂಗಿ, ಅದರ ಮೇಲೆ ಪ್ಲಾಸ್ಟಿಕ್ ಕೋಟು, ತಲೆಗೆ ಉಣ್ಣೆ ಟೋಪಿ. ಅಕ್ಕ ಬಾಕ್ಸಿಂಗ್ ಜಿಮ್ಮಿನ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಎರಡು ಮೂಲೆಯಲ್ಲೂ ಹೀಟರ್ ಹಚ್ಚಿದ್ದಳು. ತೂಕದ ಯಂತ್ರ ನಲವತ್ತೆಂಟು ಕಿಲೋ ಆರುನೂರು ಗ್ರಾಂ ತೋರಿಸಿತ್ತು. ಒಂಬತ್ತು ಗಂಟೆಗೆ ಅದು ನಲವತ್ತೆಂಟು ಆಗಿರಬೇಕು. ಹೆಚ್ಚಿದ್ದರೆ ಸಂಜೆಯ ಫೈನಲ್ ಇಲ್ಲ.

"ಹೊಡಿ," ಎಂದಳು ಅಕ್ಕ.

ಗುಬ್ಬಿ ಮರಳಿನ ಚೀಲಕ್ಕೆ ಹೊಡೆದಳು. ಚೀಲ ಅಲುಗಲಿಲ್ಲ, ಅವಳ ಮೊಣಕಾಲೇ ಅಲುಗಿತು.

"ಇದು ಹೊಡೆತಾನಾ? ಮಗೂಗೆ ಜೋಗುಳ ಹಾಡ್ತಿದ್ಯಾ?" ಅಕ್ಕ ಕೈಯಲ್ಲಿದ್ದ ಚರ್ಮದ ಪ್ಯಾಡಿನಿಂದ ಅವಳ ಬೆನ್ನಿಗೆ ಫಟಾರನೆ ಬಾರಿಸಿದಳು. "ಬೆವರು ಬರ್ಬೇಕು ಕಣೇ. ಬೆವರು!"

ಬೆವರು ನಿಂತು ಅರ್ಧ ಗಂಟೆಯಾಗಿತ್ತು. ಹಿಂಡಿ ಒಣಗಿದ ಬಟ್ಟೆಯನ್ನು ಎಷ್ಟು ಹಿಂಡಿದರೇನು. ತುಟಿ ಒಡೆದು ರಕ್ತ ಕಾಣಿಸಿಕೊಂಡಿತ್ತು. ಗುಬ್ಬಿ ಅದನ್ನೇ ನೆಕ್ಕಿಕೊಳ್ಳುತ್ತಿದ್ದಳು, ಅದಾದರೂ ಒದ್ದೆಯಾಗಿತ್ತಲ್ಲ ಎಂದು.

ಆ ಜಿಮ್ಮಿನಲ್ಲಿ ಒಂದು ಪದ್ಧತಿಯಿತ್ತು. ಕೈಗೆ ಪಟ್ಟಿ ಸುತ್ತಿ, ಗ್ಲೌಸ್ ತೊಡಿಸಿ, ಮಣಿಕಟ್ಟಿಗೆ ಟೇಪ್ ಬಿಗಿಯಲು ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ಒಂದು ಗುಟುಕು ನೀರಿಗಾಗಿ ಅದನ್ನೆಲ್ಲ ಬಿಚ್ಚುವವರು ಯಾರು? ಹಾಗಾಗಿ ವಿರಾಮದಲ್ಲಿ ಹನ್ನೊಂದು ಹುಡುಗಿಯರು ಗೋಡೆಗೆ ಒರಗಿ ಸಾಲಾಗಿ ನಿಲ್ಲುತ್ತಿದ್ದರು. ಅಕ್ಕ ಉದ್ದ ಕತ್ತಿನ ಬಾಟಲಿ ಹಿಡಿದು ಒಂದು ಕಡೆಯಿಂದ ಬರುತ್ತಿದ್ದಳು. ಮುಖ ಮೇಲೆತ್ತಿ ಬಾಯಿ ತೆರೆದರೆ ಸಾಕು, ನೀರು ಬೀಳುತ್ತಿತ್ತು. "ತೆಗೀರೇ ಬಾಯಿ. ಹರಟೆಗೆ ಅಷ್ಟಗಲ ತೆಗೀತೀರ, ನೀರಿಗೆ ಯಾಕೆ ಇಷ್ಟು ಬಿಗುಮಾನ?" ಎಂದು ಅವಳು ಬೈಯುವುದು, ಇವರು ನಕ್ಕು ನೀರು ಮೂಗಿಗೇರಿಸಿಕೊಳ್ಳುವುದು ದಿನಾ ನಡೆಯುತ್ತಿತ್ತು. ಆ ಸಾಲಿನ ಮೊದಲ ದಿನವೇ ತಂಗಿಗೆ ಗುಬ್ಬಿ ಎಂಬ ಹೆಸರು ಬಿತ್ತು. ಎಲ್ಲರಿಗಿಂತ ಚಿಕ್ಕ ದೇಹ, ಎಲ್ಲರಿಗಿಂತ ದೊಡ್ಡದಾಗಿ ತೆರೆದ ಬಾಯಿ.

ಒಡಹುಟ್ಟಿದವಳಿಗೆ ಮಾತ್ರವಲ್ಲ, ಜಿಮ್ಮಿಗೆಲ್ಲ ಅವಳು ಅಕ್ಕನೇ. ಐದು ವರ್ಷದ ಹಿಂದೆ ಸೆಮಿಫೈನಲ್ಲಿನಲ್ಲಿ ಒಂದು ಏಟು ಅವಳ ಬಲಗಣ್ಣಿನ ಒಳಪರದೆಯನ್ನು ಹರಿದಿತ್ತು. ವೈದ್ಯರು ಹೇಗೋ ಅಂಟಿಸಿದರು. "ಇನ್ನೊಂದು ಏಟು ಬಿದ್ದರೆ ನಮ್ಮ ಹತ್ತಿರ ಬರಬೇಡಿ, ಪ್ರಯೋಜನವಿಲ್ಲ," ಎಂದರು. ಅಂದಿನಿಂದ ಅವಳು ರಿಂಗಿನ ಹೊರಗೆ ನಿಂತು ಬಾಟಲಿ ಹಿಡಿಯುವ ಕೈಯಾದಳು.

ತೂಕ ಇಳಿಸುವ ದಿನ ಮಾತ್ರ ನೀರನ್ನು ಬಾಯಲ್ಲಿ ತಿರುಗಿಸಿ ಬಕೆಟ್ಟಿಗೆ ಉಗುಳಬೇಕು. ನುಂಗಿದರೆ ಅದೂ ತೂಕವೇ. ಏಳು ಗಂಟೆಗೆ ಅಕ್ಕ ಬಾಟಲಿ ತಂದು ಗುಬ್ಬಿಯ ತುಟಿಗೆ ಇಟ್ಟಳು.

"ಇದನ್ನ ನುಂಗು. ಉಗೀಬೇಡ."

ಗುಬ್ಬಿ ಬಾಯಿ ತೆರೆದಳು. ನುಂಗಿದಳು. ನೀರು ಕಹಿಯಾಗಿತ್ತು. ನಾಲಿಗೆಯ ಹಿಂಭಾಗಕ್ಕೆ ಅಂಟಿಕೊಳ್ಳುವ, ಸುಣ್ಣದ ಪುಡಿಯಂಥ ಕಹಿ. ಎಲ್ಲೋ ಪರಿಚಯವಿದ್ದ ರುಚಿ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಬಾಟಲಿಯ ಮುಚ್ಚಳ ತಿರುಗಿಸುವುದರಲ್ಲಿ ಮಗ್ನಳಾಗಿದ್ದಳು. ಒಂದು ಮುಚ್ಚಳವನ್ನು ತಿರುಗಿಸಲು ಅಷ್ಟು ಹೊತ್ತು ಬೇಕಿರಲಿಲ್ಲ.

ಕೇಳಬಹುದಿತ್ತು. ಏನೇ ಇದು ಎನ್ನಲು ಎರಡು ಮಾತು ಸಾಕಿತ್ತು. ಗುಬ್ಬಿ ಚೀಲದ ಕಡೆ ತಿರುಗಿ ಹೊಡೆಯತೊಡಗಿದಳು.

ಆಮೇಲಿನ ಒಂದೂವರೆ ಗಂಟೆಯಲ್ಲಿ ಅವಳು ಐದು ಸಲ ಬಚ್ಚಲಿಗೆ ಓಡಿದಳು. ಒಂಬತ್ತಕ್ಕೆ ತೂಕದ ಯಂತ್ರದ ಮೇಲೆ ನಿಂತಾಗ ಕಾಲಿನ ಮೀನಖಂಡ ಸೆಟೆದು ಕಲ್ಲಾಗಿತ್ತು. ನಲವತ್ತೇಳು ಕಿಲೋ ಒಂಬೈನೂರ ಐವತ್ತು. ಅಕ್ಕ ಅವಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಕುಣಿದಳು.

*

ಸಂಜೆ ನಾಲ್ಕಕ್ಕೆ ಫೈನಲ್. ಎದುರಾಳಿ ಉದ್ದ ಕೈಯವಳು. ಮೊದಲ ಸುತ್ತಿನಲ್ಲಿ ಆ ಕೈ ದೂರದಿಂದಲೇ ಬಂದು ಗುಬ್ಬಿಯ ಹುಬ್ಬನ್ನು ಸೀಳಿತು. ಎರಡನೆಯ ಸುತ್ತಿನಲ್ಲಿ ಪಕ್ಕೆಲುಬಿಗೆ ಬಿದ್ದ ಏಟಿಗೆ ಉಸಿರು ಸಿಕ್ಕಿಕೊಂಡಿತು.

ಮೂಲೆಗೆ ಬಂದು ಕುಸಿದಾಗ ಅಕ್ಕ ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. "ಅವಳು ನಿನ್ನ ತಿಂತಿದ್ದಾಳೆ. ನೀನು ತಟ್ಟೆ ಥರ ಕೂತಿದ್ಯ. ಒಳಗೆ ನುಗ್ಗು. ಎಡಗೈ ಮೇಲೆ ಇಟ್ಕೋ, ಎಷ್ಟು ಸಲ ಹೇಳ್ಲಿ, ಅದು ಬೀಳ್ತಾನೇ ಇದೆ. ಬಾಯಿ ತೆಗಿ."

ಗುಬ್ಬಿ ಬಾಯಿ ತೆಗೆದಳು. ನೀರು. ಬರೀ ನೀರು.

ಮೂರನೆಯ ಸುತ್ತಿನಲ್ಲಿ ಅವಳು ಆ ಉದ್ದ ಕೈಗಳ ಒಳಗೆ ನುಗ್ಗಿದಳು. ಹೊಟ್ಟೆಗೆ ಎರಡು, ಪಕ್ಕೆಗೆ ಒಂದು, ಕೈ ಕೆಳಗಿಳಿದ ತಕ್ಷಣ ಮುಖಕ್ಕೆ. ಮೂಗು ಮುರಿದದ್ದು ಗುಬ್ಬಿಗೆ ಕೈಯ ಮೂಲಕ ಕೇಳಿಸಿತು, ಹಸಿ ಕಡ್ಡಿ ಮುರಿದ ಹಾಗೆ. ರಕ್ತ ಗುಬ್ಬಿಯ ಎದೆಯ ಮೇಲೆ ಬೆಚ್ಚಗೆ ಚಿಮ್ಮಿತು. ನಿಲ್ಲಲು ರೆಫರಿ ಹೇಳಿರಲಿಲ್ಲ. ಅದೇ ಮೂಗಿಗೆ ಇನ್ನೂ ಮೂರು ಸಲ ಹೊಡೆದಳು. ಆ ಹುಡುಗಿ ಮಂಡಿಯೂರಿದಳು, ಮತ್ತೆ ಏಳಲಿಲ್ಲ.

ರಿಂಗಿನಿಂದ ಇಳಿದಾಗ ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಕಾಗದ ಹಿಡಿದ ದಪ್ಪನೆಯ ಹೆಂಗಸು ಕಾಯುತ್ತಿದ್ದಳು. ಡೋಪಿಂಗ್ ಪರೀಕ್ಷೆಗೆ ಆಟಗಾರರ ಮೂತ್ರ ಸಂಗ್ರಹಿಸುವ ಅಧಿಕಾರಿ. ಎಲ್ಲರ ಬಾಯಲ್ಲಿ ಅವಳು ಬಾಟಲಿ ಅಮ್ಮ. ವರ್ಷಕ್ಕೊಮ್ಮೆ ಜಿಮ್ಮಿಗೆ ಬಂದು ಪಾಠ ಹೇಳುತ್ತಿದ್ದಳು. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಆಮೇಲಿನ ಮಾತು, ನಿಮ್ಮ ಮೈಯೊಳಗೆ ಸಿಕ್ಕಿದ್ದಕ್ಕೆ ನೀವೇ ಹೊಣೆ, ಎನ್ನುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕೂತ ಅಕ್ಕ ಆಕಳಿಸುತ್ತಿದ್ದಳು.

ಬಾಟಲಿ ಅಮ್ಮ ಗುಬ್ಬಿಯ ಜೊತೆಗೇ ಬಚ್ಚಲಿಗೆ ಬಂದು, ಎದುರೇ ನಿಂತು, ಕಣ್ಣು ಕದಲಿಸದೆ ನೋಡಿದಳು. ಆಮೇಲೆ ಮೇಜಿನ ಮುಂದೆ ಕೂತು ಕೇಳಿದಳು. "ಈ ಒಂದು ವಾರದಲ್ಲಿ ಏನಾದ್ರೂ ಔಷಧಿ, ಮಾತ್ರೆ, ಪುಡಿ?"

ಬಾಗಿಲಿಗೆ ಒರಗಿದ್ದ ಅಕ್ಕ ನಕ್ಕಳು. "ಎರಡು ದಿನದಿಂದ ಅವಳಿಗೆ ನೀರೇ ಕೊಟ್ಟಿಲ್ಲ, ಇನ್ನು ಮಾತ್ರೆ ಎಲ್ಲಿಂದ ಬರ್ಬೇಕು ಮೇಡಂ?"

"ನಾನು ಅವಳನ್ನ ಕೇಳಿದ್ದು."

ಗುಬ್ಬಿಯ ನಾಲಿಗೆಯ ಹಿಂಭಾಗದಲ್ಲಿ ಸುಣ್ಣದ ಪುಡಿ ಇನ್ನೂ ಇದ್ದಂತಿತ್ತು. "ಇಲ್ಲ," ಎಂದಳು. ಸಹಿ ಹಾಕುವಾಗ ಬೆರಳು ಮಡಚಲಾರದಷ್ಟು ಊದಿತ್ತು.

*

ಮೂರು ವಾರದ ಮೇಲೆ ಪತ್ರ ಬಂತು. ಜಿಮ್ಮಿನ ಯಜಮಾನರಾದ ಮಾಸ್ತರು ಕನ್ನಡಕ ಏರಿಸಿಕೊಂಡು ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಮೈಯ ನೀರನ್ನು ಹೊರಹಾಕುವ ಔಷಧಿ. ನಿಷೇಧಿತ. ಉದ್ದನೆಯ ಹೆಸರಿತ್ತು. ಚಿನ್ನದ ಪದಕ ವಾಪಸು, ವಿಚಾರಣೆ, ಎರಡು ವರ್ಷದವರೆಗೆ ಆಟದಿಂದ ನಿಷೇಧ.

"ಎಲ್ಲಿಂದ ಬಂತಮ್ಮ ಇದು?" ಮಾಸ್ತರು ಕೇಳಿದರು.

ಗುಬ್ಬಿ ಪತ್ರ ತೆಗೆದುಕೊಂಡು ಮನೆಗೆ ನಡೆದಳು. ಅಮ್ಮ ಲಾಂಡ್ರಿಯಲ್ಲಿ ಇಡೀ ದಿನ ನಿಂತು ಇಸ್ತ್ರಿ ಮಾಡುವವಳು. ಅವಳ ಕಾಲು ಸಂಜೆಯ ಹೊತ್ತಿಗೆ ದಿಂಬಿನ ಹಾಗೆ ಊದುತ್ತಿತ್ತು. ಅದಕ್ಕೆಂದು ವೈದ್ಯರು ಬಿಳಿ ಮಾತ್ರೆ ಕೊಟ್ಟಿದ್ದರು. ಪ್ರತಿ ಭಾನುವಾರ, ದಿನಕ್ಕೊಂದರಂತೆ ಏಳು ಖಾನೆಯಿದ್ದ ಡಬ್ಬಿಗೆ ಆ ಮಾತ್ರೆಗಳನ್ನು ತುಂಬುವ ಕೆಲಸ ಗುಬ್ಬಿಯದು. ಬೆರಳಿಗೆ ಅಂಟಿದ ಪುಡಿಯನ್ನು ಒಮ್ಮೆ ನೆಕ್ಕಿ ಮುಖ ಸಿಂಡರಿಸಿದ್ದಳು. ಅಮ್ಮ ನಕ್ಕಿದ್ದಳು.

ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಅದೇ ಉದ್ದನೆಯ ಹೆಸರಿತ್ತು.

"ಒಂದು ಮಾತ್ರೆ ಕಮ್ಮಿ ಬಿತ್ತು ನಿನ್ನ ಫೈನಲ್ ವಾರ," ಎಂದಳು ಅಮ್ಮ ಬಾಗಿಲಲ್ಲಿ ನಿಂತು. "ನೀನೇ ಮರೆತಿರ್ಬೇಕು ಅಂದ್ಕೊಂಡೆ."

ಗುಬ್ಬಿ ಪತ್ರ ಕೊಟ್ಟಳು. ಅಮ್ಮ ಓದಿ ಮಂಚದ ಮೇಲೆ ಕೂತಳು. ತನ್ನ ಪಾದಗಳನ್ನೇ ನೋಡಿಕೊಂಡಳು, ಅವುಗಳದ್ದೇ ತಪ್ಪೆನ್ನುವ ಹಾಗೆ.

"ನನ್ನ ಲೋಟದಲ್ಲಿ ಮಾತ್ರೆ ಕರಗಿಸಿ ಇಟ್ಟಿದ್ದೆ, ನೀನು ಗೊತ್ತಿಲ್ದೆ ಕುಡಿದೆ ಅಂತ ಹೇಳ್ತೀನಿ," ಎಂದಳು. "ನನ್ನನ್ನ ಯಾವ ಆಟದಿಂದ ಹೊರಗೆ ಹಾಕ್ತಾರೆ? ಇಸ್ತ್ರಿ ಆಟದಿಂದಲಾ?"

"ಅಮ್ಮಾ, ಅದು ಸುಳ್ಳು."

"ಸುಳ್ಳೇ. ನಿಜ ಹೇಳಿದ್ರೆ ಇಬ್ಬರೂ ಹೋಗ್ತೀರಿ. ನಂಗಿರೋದು ಇಬ್ಬರೇ."

ಅದು ಸರಿಯಾಗಿಯೇ ಇತ್ತು. ಆಟಗಾರರಿಗೆ ಕದ್ದು ಔಷಧಿ ಕೊಟ್ಟವರಿಗೆ ಆಟಗಾರರಿಗಿಂತ ದೊಡ್ಡ ಶಿಕ್ಷೆ ಎಂದು ಬಾಟಲಿ ಅಮ್ಮ ಪ್ರತಿ ಪಾಠದಲ್ಲೂ ಹೇಳುತ್ತಿದ್ದಳು. ಜಿಮ್ ಬಿಟ್ಟರೆ ಅಕ್ಕನಿಗೆ ಬೇರೇನಿತ್ತು? ಓದು ಬಿಟ್ಟಿದ್ದಳು, ಮದುವೆ ಬೇಡವೆಂದಿದ್ದಳು, ಒಂದು ಕಣ್ಣನ್ನೂ ಅಲ್ಲೇ ಇಟ್ಟುಬಿಟ್ಟಿದ್ದಳು.

*

ಮಧ್ಯಾಹ್ನ ಜಿಮ್ ಖಾಲಿಯಿತ್ತು. ಅಕ್ಕ ರಿಂಗಿನ ನೆಲ ಒರೆಸುತ್ತಿದ್ದಳು. ಗುಬ್ಬಿ ಮಾತ್ರೆಯ ಹಾಳೆಯನ್ನು ಅವಳ ಮುಂದೆ ಎಸೆದಳು. ಅಕ್ಕ ಅದನ್ನು ಎತ್ತಿ ನೋಡಲಿಲ್ಲ, ಒರೆಸುವುದನ್ನೂ ನಿಲ್ಲಿಸಲಿಲ್ಲ.

"ಮಾತಾಡು," ಎಂದಳು ಗುಬ್ಬಿ.

"ಏನಂತ?"

"ಏನಾದ್ರೂ."

ಅಕ್ಕ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದಳು. ಗೋಡೆಯ ಮೊಳೆಯಿಂದ ಎರಡು ಜೊತೆ ಗ್ಲೌಸ್ ತೆಗೆದಳು. ಒಂದು ಜೊತೆಯನ್ನು ತಂಗಿಯ ಕೈಗೆ ತೊಡಿಸಿ, ದಿನಾ ಮಾಡುವಷ್ಟೇ ಜಾಗ್ರತೆಯಿಂದ ಟೇಪ್ ಸುತ್ತಿದಳು. ತನ್ನದನ್ನು ಹಲ್ಲಿನಿಂದ ಬಿಗಿದುಕೊಂಡಳು.

"ನಮ್ಮ ಮನೇಲಿ ಬಾಯಿ ಇರೋದು ಅಮ್ಮಂಗೆ ಮಾತ್ರ," ಎಂದಳು. "ಬಾ, ಹೊಡಿ. ಹೆಡ್‌ಗಾರ್ಡ್ ಬೇಡ."

"ನಿನ್ನ ಕಣ್ಣು..."

"ನನ್ನ ಕಣ್ಣಿನ ಲೆಕ್ಕ ನಂಗಿರ್ಲಿ."

ಅಕ್ಕನೇ ಮೊದಲು ಹೊಡೆದಳು. ಐದು ವರ್ಷ ಯಾರಿಗೂ ಹೊಡೆಯದೆ ಕೂಡಿಟ್ಟ ಏಟು ಅದು. ಗುಬ್ಬಿಯ ದವಡೆ ಪಕ್ಕಕ್ಕೆ ತಿರುಗಿತು, ವಾಸಿಯಾಗಿದ್ದ ಹುಬ್ಬು ಮತ್ತೆ ಬಿರಿಯಿತು.

"ಆರುನೂರು ಗ್ರಾಂ ಕಣೇ!" ಅಕ್ಕ ಕೂಗಿದಳು. "ಒಂದು ಲೋಟ ಉಚ್ಚೆಗೋಸ್ಕರ ನಾಲ್ಕು ವರ್ಷದ ಕಷ್ಟ ಬಿಸಾಕ್ಬೇಕಿತ್ತಾ?"

ಗುಬ್ಬಿ ಅವಳ ಹೊಟ್ಟೆಗೆ ಗುದ್ದಿದಳು. "ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು, ಅಂತಿದ್ದೆ!" ಮತ್ತೆ ಹೊಟ್ಟೆಗೆ. ಅಕ್ಕನ ಬಾಯಿಂದ ಗಾಳಿ ಹೊರಟಿತು.

"ಅಂತಿದ್ಯಾ?" ಅಕ್ಕ ಬಗ್ಗಿಕೊಂಡೇ ನಕ್ಕಳು. ಅವಳ ಹಲ್ಲಿನ ಸಂದಿಯಲ್ಲಿ ರಕ್ತ. "ಕಹಿ ಗೊತ್ತಾಯ್ತು ನಿಂಗೆ. ನಾನು ಓರೆಗಣ್ಣಲ್ಲಿ ನೋಡ್ತಾನೇ ಇದ್ದೆ. ಬಾಯಿ ತುಂಬ ಇಟ್ಕೊಂಡು ನನ್ನ ಮುಖ ನೋಡ್ದೆ. ಬಕೆಟ್ ಕಾಲ ಹತ್ರಾನೇ ಇತ್ತು. ಉಗೀಬಹುದಿತ್ತಲ್ಲ ಗುಬ್ಬಿ. ಯಾಕೆ ಉಗೀಲಿಲ್ಲ?"

ಗುಬ್ಬಿಗೆ ಕಂಡದ್ದು ಅಕ್ಕನ ಬಲಗಡೆ ಖಾಲಿ ಬಿದ್ದಿದ್ದ ಜಾಗ. ಆ ಕಡೆ ಅಕ್ಕನಿಗೆ ಸರಿಯಾಗಿ ಕಾಣುವುದಿಲ್ಲವೆಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು. ಬೇಕೆಂದೇ ಆ ಕಡೆಗೆ ಸರಿದಳು. ಬೇಕೆಂದೇ ಎಡಗೈಯನ್ನು ಅರ್ಧಚಂದ್ರದಲ್ಲಿ ಬೀಸಿದಳು.

ಏಟು ಬಲಗಣ್ಣಿನ ಮೇಲೆ ಬಿತ್ತು. ಅಕ್ಕ ಕಿರುಚಲಿಲ್ಲ. ಗ್ಲೌಸಿನಿಂದ ಕಣ್ಣು ಮುಚ್ಚಿಕೊಂಡು, ಒಂದೊಂದೇ ಮಂಡಿ ಊರಿ, ತಾನೇ ಒರೆಸಿದ ನೆಲದ ಮೇಲೆ ಕೂತಳು. ಗುಬ್ಬಿ ಇನ್ನೆರಡು ಹೊಡೆದಳು, ಕಿವಿಗೊಂದು, ಕತ್ತಿಗೊಂದು. ಆಮೇಲೆ ಅವಳ ಕೈ ತಾನಾಗಿ ನಿಂತಿತು.

"ಅಕ್ಕಾ."

"ಕಪ್ಪು ಪರದೆ ಇಳೀತಿದೆ," ಎಂದಳು ಅಕ್ಕ, ಹವಾಮಾನ ಹೇಳುವವಳ ದನಿಯಲ್ಲಿ. "ಮೇಲಿಂದ. ನಿಧಾನಕ್ಕೆ."

ಅವಳು ಹಲ್ಲಿನಿಂದ ಕಚ್ಚಿ ತನ್ನ ಗ್ಲೌಸ್ ಎಳೆದುಹಾಕಿದಳು. ತಡವರಿಸುತ್ತ ರಿಂಗಿನ ಮೂಲೆಗೆ ಹೋದಳು. ಅಲ್ಲಿದ್ದ ಉದ್ದ ಕತ್ತಿನ ಬಾಟಲಿಯನ್ನು ಎತ್ತಿ, ತಾನು ಕುಡಿಯದೆ, ಏದುಸಿರು ಬಿಡುತ್ತಿದ್ದ ತಂಗಿಯ ಬಾಯಿಗೆ ಹಿಡಿದಳು. ಅದು ವರ್ಷಗಳ ರೂಢಿ. ಗುಬ್ಬಿ ಮುಖ ಮೇಲೆತ್ತಿದಳು, ಬಾಯಿ ತೆರೆದಳು, ಗಟಗಟನೆ ಕುಡಿದಳು.

ನೀರು ಗಂಟಲಿನಿಂದ ಇಳಿದ ಮೇಲೆಯೇ ಅವಳಿಗೆ ಅರಿವಾಯಿತು. ಈಗಲೂ ಕೇಳಲಿಲ್ಲ. ಇಷ್ಟಾದ ಮೇಲೂ, ಈ ಕೈಯಿಂದಲೇ, ಏನಿದು ಎಂದು ಕೇಳದೆ ಕುಡಿದಳು. ಗೋಡೆಯುದ್ದಕ್ಕೂ ಹುಡುಗಿಯರು ಒರಗಿ ನಿಂತು ನಿಂತು ಸುಣ್ಣ ಸವೆದು, ಹನ್ನೊಂದು ಬೆನ್ನುಗಳ ಕಲೆಯಿತ್ತು. ನಾಳೆ ಬೆಳಿಗ್ಗೆ ಅಲ್ಲಿ ಅಷ್ಟೂ ಬಾಯಿಗಳು ತೆರೆಯುತ್ತವೆ. ಯಾರೂ ಕೇಳುವುದಿಲ್ಲ. ಮುಂದಿನ ಸಲ ಯಾರದೋ ತೂಕ ಆರುನೂರು ಗ್ರಾಂ ಹೆಚ್ಚಿರುತ್ತದೆ.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅಕ್ಕ ಅವಳ ಭುಜಕ್ಕೆ ಒರಗಿದ್ದಳು. ವೈದ್ಯರು ಹಿಂದೆ ಹೇಳಿದಂತೆಯೇ ಆಯಿತು. ಆ ಕಣ್ಣು ಮತ್ತೆ ಬರಲಿಲ್ಲ.

*

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನಾಚೆ ಮೂವರು. ನಡುವಿನವರು ವಕೀಲರು. ಪಕ್ಕದ ಗೋಡೆಗೆ ಹಾಕಿದ ಕುರ್ಚಿಗಳಲ್ಲಿ ಅಮ್ಮ, ಮಾಸ್ತರು, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದ ಅಕ್ಕ. ಅಮ್ಮ ತನ್ನ ಲೋಟವನ್ನೂ ಚೀಲದಲ್ಲಿ ಹಾಕಿ ತಂದಿದ್ದಳು, ಸಾಕ್ಷಿಗೆ ಬೇಕಾದೀತೆಂದು.

"ನಿಮ್ಮ ತಾಯಿಯ ಲೋಟದಿಂದ ಗೊತ್ತಿಲ್ಲದೆ ಕುಡಿದಿರಿ ಅಂತ ಇಲ್ಲಿ ಬರೆದುಕೊಟ್ಟಿದ್ದಾರೆ," ಎಂದರು ವಕೀಲರು. "ಹೌದಾ?"

ಹೌದು ಎಂದರೆ ಮುಗಿಯುತ್ತಿತ್ತು. ಮನೆಯಲ್ಲಿ ಆದ ಅಚಾತುರ್ಯಕ್ಕೆ ಶಿಕ್ಷೆ ಕೆಲವೇ ತಿಂಗಳು, ಅಷ್ಟೇ ಎಂದು ಮಾಸ್ತರು ಹೇಳಿದ್ದರು. ಗುಬ್ಬಿ ಅಕ್ಕನ ಕಡೆ ನೋಡಿದಳು. ಅಕ್ಕ ಉಳಿದ ಒಂದು ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು. ಈ ಸಲ ಮುಖ ತಿರುಗಿಸಲಿಲ್ಲ.

"ಅಲ್ಲ. ತೂಕ ಇಳಿಸೋವಾಗ ಬಾಟಲಿಯಿಂದ ಕುಡಿದೆ. ಅಕ್ಕ ಕುಡಿಸಿದ್ಲು."

ಅಮ್ಮನ ಚೀಲದಿಂದ ಲೋಟ ಜಾರಿ ನೆಲಕ್ಕೆ ಬಿದ್ದು ಉರುಳಿತು. ಅದು ನಿಲ್ಲುವವರೆಗೆ ಎಲ್ಲರೂ ಕಾದರು.

"ಅದರಲ್ಲಿ ಔಷಧಿ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಕಹಿ ಇತ್ತು. ಗೊತ್ತಾಗೋಕೆ ನಾನು ಬಿಡಲಿಲ್ಲ."

"ನಿಮ್ಮ ಕೈಗೆ ಗ್ಲೌಸ್ ಇತ್ತು. ಬಾಟಲಿ ನಿಮ್ಮ ಕೈಯಲ್ಲಿ ಇರಲಿಲ್ಲ." ವಕೀಲರ ದನಿ ಸ್ವಲ್ಪ ಮೆತ್ತಗಾಗಿತ್ತು. ಅವರು ಅವಳಿಗೊಂದು ದಾರಿ ತೋರಿಸುತ್ತಿದ್ದರು.

"ಕೈ ಕಟ್ಟಿತ್ತು ಸರ್. ಬಾಯಿ ಕಟ್ಟಿರಲಿಲ್ಲ."

ಅಕ್ಕ ಎದ್ದು ನಿಂತಳು. ಏನೋ ಹೇಳುತ್ತಾಳೆಂದು ಎಲ್ಲರೂ ತಿರುಗಿದರು. "ಹೌದು," ಎಂದಳು, ಅಷ್ಟೇ ಹೇಳಿ ಕೂತಳು. ಕಣ್ಣಿಗೆ ಏನಾಯಿತೆಂದು ಅವರು ಕೇಳಿದಾಗ, "ಅಭ್ಯಾಸದಲ್ಲಿ ಬಿತ್ತು," ಎಂದಳು.

ಗುಬ್ಬಿಗೆ ಹದಿನಾರು ತಿಂಗಳು. ಅಕ್ಕನಿಗೆ ಆರು ವರ್ಷ. ಯಾವ ಜಿಮ್ಮಿಗೂ ಕಾಲಿಡುವಂತಿಲ್ಲ, ಯಾವ ಆಟಗಾರರಿಗೂ ಕಲಿಸುವಂತಿಲ್ಲ, ತಂಗಿಗೂ ಕೂಡ. ಕಲಿಸಿದ್ದು ತಿಳಿದರೆ ತಂಗಿಯ ಶಿಕ್ಷೆಯೂ ಬೆಳೆಯುತ್ತದೆ. ಹೊರಗೆ ಬರುವಾಗ ಬಾಟಲಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಗುಬ್ಬಿಯ ಭುಜದ ಮೇಲೆ ಕೈಯಿಡಲು ಹೋಗಿ, ಅಮ್ಮನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡಳು.

ಅಮ್ಮ ಇಬ್ಬರೊಂದಿಗೂ ಒಂಬತ್ತು ದಿನ ಮಾತಾಡಲಿಲ್ಲ. ಹತ್ತನೆಯ ದಿನ, "ಊಟಕ್ಕೆ ಬನ್ನಿ," ಎಂದಳು. ಮಾತ್ರೆಯ ಡಬ್ಬಿಯನ್ನು ಈಗ ಅವಳೇ ತುಂಬಿಕೊಳ್ಳುತ್ತಾಳೆ.

ಲಾಂಡ್ರಿಯ ಹಿತ್ತಲಲ್ಲಿ ಬಿಸಿನೀರು ಹರಿದು ಹೋಗುವ ಮೋರಿಯ ಪಕ್ಕ ಒಂದು ಕಬ್ಬಿಣದ ಕೊಕ್ಕೆಯಿದೆ. ಗುಬ್ಬಿ ಬಟ್ಟೆ ಸಾಗಿಸುವ ಕ್ಯಾನ್ವಾಸ್ ಚೀಲಕ್ಕೆ ಹರಕು ಬಟ್ಟೆ ತುಂಬಿ ಅಲ್ಲಿ ನೇತುಹಾಕಿದ್ದಾಳೆ. ದಿನಾ ಸಂಜೆ ಹಬೆಯ ನಡುವೆ ನಿಂತು ಹೊಡೆಯುತ್ತಾಳೆ. ಬಾಯಾರಿದಾಗ ಟೇಪನ್ನು ಹಲ್ಲಿನಿಂದ ಕಿತ್ತು, ಗ್ಲೌಸ್ ಬಿಚ್ಚಿ, ನಲ್ಲಿ ತಿರುಗಿಸಿ ಕುಡಿಯುತ್ತಾಳೆ. ಮತ್ತೆ ತೊಡಲು ಕಾಲು ಗಂಟೆ ಬೇಕು. ಬೇಕಾಗಲಿ.

ಅಕ್ಕ ಅಲ್ಲಿ ಹಾಸಿಗೆಯ ಬಟ್ಟೆ ಮಡಚುವ ಕೆಲಸಕ್ಕೆ ಸೇರಿದ್ದಾಳೆ. ಒಂದು ಸಂಜೆ ಮಡಚಿದ ರಾಶಿ ಹೊತ್ತುಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಗುಬ್ಬಿ ನೋಡಿದರೂ ನೋಡದಂತೆ ಹೊಡೆಯುತ್ತಲೇ ಇದ್ದಳು. ಚೀಲ ಕೊಕ್ಕೆಯಲ್ಲಿ ಕಿರುಗುಟ್ಟಿತು. ಬಲ, ಬಲ, ಎಡ. ಆಯಾಸಕ್ಕೆ ಎಡಗೈ ಕೆಳಗಿಳಿದಿತ್ತು, ಗದ್ದ ಬಯಲಾಗಿತ್ತು. ಒಂಟಿ ಕಣ್ಣಿಗೂ ಅದು ಕಂಡಿತು. ಅಕ್ಕನ ತುಟಿ ತೆರೆಯಿತು. ಹೇಳುವಂತಿರಲಿಲ್ಲ. ತುಟಿ ಮುಚ್ಚಿತು.

ಅಕ್ಕ ರಾಶಿಯನ್ನು ಎದೆಗೆ ಒತ್ತಿಕೊಂಡು ಹಬೆಯ ಆಚೆ ಅಲ್ಲೇ ನಿಂತಳು.

ಗುಬ್ಬಿ ಎಡಗೈಯನ್ನು ಗದ್ದದವರೆಗೆ ಎತ್ತಿದಳು. ಮತ್ತೆ ಹೊಡೆದಳು.